ಹಡಗಿನವರು ಮಾಡಿದ್ದನ್ನು ಹೊಗೆನಕಲ್ಲಿನಲ್ಲಿ ಮಾಡಲಾಗದೇ?

ಕ್ವಾರ್ಟರ್ಲಿ ಪರೀಕ್ಷೆ ಹತ್ತಿರ ಬಂದ ಹಾಗೆ ನಮ್ಮ ಗಡಿಭಾಗದ ಶಾಲೆಗಳಲ್ಲಿ ಪ್ರವಾಸದ ಮಾತು ಏಳುತ್ತದೆ. ಮೈಸೂರೋ, ಮಾದಪ್ಪನ ಬೆಟ್ಟವೋ, ಮೇಟ್ಟೂರು ಅಣೆಕಟ್ಟೋ ಎಂದು ಚರ್ಚೆ ನಡೆದು, ಬಸ್ಸಿನ ಬಾಡಿಗೆ ಲೆಕ್ಕ ಹಾಕಿದ ಮೇಲೆ ಹೊಗೆನಕಲ್ಲೇ ಗಟ್ಟಿಯಾಗುತ್ತದೆ. ನಾಟ್ರಾಂಪಾಳ್ಯದವರಾದ ನಮಗಂತೂ ಅದು ಹಿತ್ತಲ ಗಿಡ. ಅಂಚೆಟ್ಟಿಯಿಂದ ಹೊಗೆನಕಲ್ಲಿಗೆ ಇಳಿಯುವ ಕಾಡುದಾರಿ ನಮ್ಮೂರನ್ನು ಹಾದೇ ಹೋಗಬೇಕು.

ಸ್ಥಳ ಗಟ್ಟಿಯಾದ ಮೇಲೆ ಹೆಸರು ಬರೆಯುವ ಕೆಲಸ. ಅಲ್ಲಿ ಒಂದು ಹೆಸರು ಯಾರೂ ಬೇಡ ಎನ್ನದೆಯೇ ಬಿಟ್ಟು ಹೋಗುತ್ತದೆ. ಮೇಷ್ಟ್ರು ಕೇಳುವುದಕ್ಕೂ ಮೊದಲೇ ತಾಯಿ ಬಂದು ಹೇಳಿಬಿಡುತ್ತಾಳೆ, "ಬ್ಯಾಡ ಸಾರ್, ಅವನ್ನ ಬಿಟ್ಟು ಹೋಗಿ. ನಿಮಗ್ಯಾಕೆ ತೊಂದ್ರೆ." ಮೇಷ್ಟ್ರಿಗೂ ಒಳಗೊಳಗೇ ನಿರಾಳ! ಇದು ಯಾವುದೋ ಒಂದು ಶಾಲೆಯ ಕತೆಯಲ್ಲ ಮಿತ್ರರೇ. ಆಟಿಸಂ ಇರುವ ಮಗು ಎಲ್ಲೆಲ್ಲಿ ಹಾಜರಿ ಪುಸ್ತಕದಲ್ಲಿದೆಯೋ ಅಲ್ಲೆಲ್ಲ ಹೆಚ್ಚುಕಡಿಮೆ ಇದೇ ನಡೆಯುತ್ತಿದೆ.

ಆಟಿಸಂ ಅಂದರೆ ಪುಸ್ತಕದ ಕನ್ನಡದಲ್ಲಿ ಸ್ವಲೀನತೆ. ಆ ಪದ ನಮಗೆ ಅಷ್ಟು ಹಿಡಿಸುವುದಿಲ್ಲ. ತನ್ನಲ್ಲೇ ಮುಳುಗಿದವನು ಎಂಬ ಅರ್ಥ ಬಂದು, ಹೊರಗಿನ ಲೋಕ ಅವನಿಗೆ ಬೇಡವೇನೋ ಎಂಬ ಭಾವನೆ ಹುಟ್ಟಿಸುತ್ತದೆ. ನಾವು ಕಂಡ ಮಕ್ಕಳ ವಿಷಯದಲ್ಲಿ ಅದು ತಲೆಕೆಳಗು. ಹೊರಗಿನ ಲೋಕ ಅವರೊಳಗೆ ಅತಿಯಾಗಿ ನುಗ್ಗುತ್ತದೆ. ನಮಗೆ ಕೇಳಿಸದ ಟ್ಯೂಬ್‌ಲೈಟಿನ ಗುಂಯ್‌ಗುಡುವಿಕೆ ಅವರಿಗೆ ಕೇಳಿಸುತ್ತದೆ, ಅಂಗಿಯ ಕಾಲರಿನ ಚೀಟಿ ಚುಚ್ಚುತ್ತದೆ, ಬೆಳಿಗ್ಗೆ ಹೇಳಿದ ಕೆಲಸ ಮಧ್ಯಾಹ್ನ ಬದಲಾದರೆ ನೆಲವೇ ಕುಸಿದಂತಾಗುತ್ತದೆ. ಆಗ ಅಳು, ಕಿರುಚಾಟ. ನೋಡಿದವರು ಹಟ ಎನ್ನುತ್ತಾರೆ, ತಾಯಿಗೆ ಬೆಳೆಸಲು ಬರಲಿಲ್ಲ ಎನ್ನುತ್ತಾರೆ. ಅಂಥ ಮಾತು ಎರಡು ಸಲ ಕೇಳಿದ ತಾಯಿ ಮೂರನೇ ಸಲ ಮನೆಯಿಂದ ಹೊರಡುವುದೇ ಇಲ್ಲ.

ಮಗು ಮನೆಯಲ್ಲಿ ಉಳಿದರೆ ತಾಯಿಯೂ ಉಳಿಯಬೇಕು. ಅಪ್ಪ ಒಬ್ಬನೇ ಮದುವೆಗೆ, ಜಾತ್ರೆಗೆ ಹೋಗಿ ಬರುತ್ತಾನೆ. ಅಕ್ಕನೋ ತಂಗಿಯೋ ಇದ್ದರೆ ಅವಳ ಗತಿ ಇನ್ನೂ ವಿಚಿತ್ರ. "ತಮ್ಮ ಬರಲ್ಲ, ನಾನೂ ಬರಲ್ಲ ಸಾರ್" ಎಂದು ಏಳನೇ ತರಗತಿಯ ಹುಡುಗಿಯೊಬ್ಬಳು ನಮ್ಮೆದುರು ಹೇಳಿದ್ದುಂಟು. ಅವಳಿಗೆ ಯಾವ ಪ್ರಮಾಣಪತ್ರವೂ ಇಲ್ಲ, ಯಾವ ರಿಯಾಯಿತಿಯೂ ಇಲ್ಲ. ಒಂದು ಮಗುವನ್ನು ಬಿಟ್ಟು ಹೋದೆವು ಎಂದುಕೊಳ್ಳುತ್ತೇವೆ, ಬಿಟ್ಟು ಹೋಗಿದ್ದು ಒಂದು ಮನೆಯನ್ನು.

ಇನ್ನು ಹಡಗಿನ ವಿಷಯಕ್ಕೆ ಬರೋಣ. ಕ್ರೂಸ್ ಎಂಬ ವಿಹಾರದ ಹಡಗುಗಳಲ್ಲಿ ಕುಟುಂಬ ಸಮೇತ ರಜೆ ಕಳೆಯುವುದು ಅಮೆರಿಕ, ಯುರೋಪುಗಳಲ್ಲಿ ಹಳೆಯ ರೂಢಿ. ಅಲ್ಲಿರುವ ನಮ್ಮ ಕನ್ನಡದ ಕುಟುಂಬಗಳೂ ಹೋಗುತ್ತವೆ. ನಮ್ಮ ದೇಶದಲ್ಲೂ 2021ರಲ್ಲಿ ಮುಂಬೈಯಿಂದ ಕಾರ್ಡೀಲಿಯಾ ಎಂಬ ಹಡಗು ಶುರುವಾಯಿತು, 2022ರ ಜೂನ್‌ನಲ್ಲಿ ಚೆನ್ನೈ ಬಂದರಿನಿಂದಲೂ ಹೊರಟಿತು. ರಾಗಿ, ಹುಣಸೆ ನಂಬಿದ ನಮ್ಮ ಕಡೆಯವರಿಗೆ ಆ ಟಿಕೆಟ್ಟು ದೂರದ ಮಾತೇ ಸರಿ. ಆದರೆ ಅಲ್ಲಿ ಏನು ಮಾಡಿದರು ಎಂದು ತಿಳಿಯುವುದಕ್ಕೆ ಟಿಕೆಟ್ಟು ಬೇಕಿಲ್ಲವಲ್ಲ.

ಮೂರು ಸಾವಿರ ಜನ ತುಂಬಿದ ಹಡಗು ಆಟಿಸಂ ಇರುವ ಮಗುವಿಗೆ ನರಕವಾಗಬೇಕಿತ್ತು. ಹತ್ತುವಾಗ ಗಂಟೆಗಟ್ಟಲೆ ಸಾಲು. ಪ್ರಯಾಣದ ಮೊದಲಿಗೇ ಅಪಾಯದ ತಾಲೀಮು, ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು. ಊಟದ ಮನೆಯಲ್ಲಿ ತಟ್ಟೆ ಲೋಟದ ಸಂತೆ. ಆದರೂ ಎಷ್ಟೋ ಕುಟುಂಬಗಳು ಬಸ್ಸು, ವಿಮಾನ, ಹೋಟೆಲ್ಲಿಗಿಂತ ಹಡಗೇ ವಾಸಿ ಎನ್ನುತ್ತವೆ. ಯಾಕೆಂದು ಯೋಚಿಸಿದರೆ ಕಾರಣ ಸರಳ. ಪೆಟ್ಟಿಗೆ ಒಮ್ಮೆ ಬಿಚ್ಚಿದರೆ ಆಯಿತು. ಊರು ಬದಲಾದರೂ ಹಾಸಿಗೆ ಬದಲಾಗುವುದಿಲ್ಲ. ಸಂಜೆ ಅದೇ ಮೇಜು, ಬಡಿಸುವವನೂ ಅವನೇ. ನಾಳೆ ಎಷ್ಟು ಗಂಟೆಗೆ ಏನು ಎಂಬ ಪಟ್ಟಿ ಹಿಂದಿನ ದಿನವೇ ಕೈಗೆ ಬರುತ್ತದೆ. ಗದ್ದಲ ಮಿತಿ ಮೀರಿದರೆ ತಮ್ಮ ಕೋಣೆ ಹತ್ತು ನಿಮಿಷದ ದೂರದಲ್ಲೇ ಇರುತ್ತದೆ. ಗುರುತಿನ ಜಾಗ, ಮುಂಚೆಯೇ ತಿಳಿದ ದಿನಚರಿ, ಓಡಿ ಅಡಗಲು ಒಂದು ಮೂಲೆ... ಈ ಮಕ್ಕಳು ಕೇಳುವುದು ಇಷ್ಟನ್ನೇ.

ಇದರ ಮೇಲೆ ಹಡಗಿನವರೂ ಒಂದಿಷ್ಟು ಸೇರಿಸಿದರು. 2007ರಲ್ಲಿ ಅಮೆರಿಕದಲ್ಲಿ 'ಆಟಿಸಂ ಆನ್ ದ ಸೀಸ್' ಎಂಬ ಸಂಸ್ಥೆ ಹುಟ್ಟಿ, ಇಂಥ ಕುಟುಂಬಗಳ ಜೊತೆ ತರಬೇತಾದ ಸಹಾಯಕರನ್ನು ಹಡಗಿಗೆ ಕಳಿಸತೊಡಗಿತು. 2014ರಲ್ಲಿ ರಾಯಲ್ ಕೆರಿಬಿಯನ್ ಕಂಪನಿ ತನ್ನ ಹಡಗುಗಳನ್ನು ಆಟಿಸಂ ಸ್ನೇಹಿ ಎಂದು ಘೋಷಿಸಿತು. ಏನೇನು ಮಾಡಿದರು? ಹತ್ತುವ ಇಳಿಯುವ ಸಾಲಿನಲ್ಲಿ ಈ ಕುಟುಂಬಗಳಿಗೆ ಮೊದಲ ಅವಕಾಶ. ಮಕ್ಕಳ ಕೋಣೆಯಲ್ಲಿ ವಯಸ್ಸು ನೋಡಿ ಗುಂಪು ಮಾಡುವ ಬದಲು ಶಕ್ತಿ ನೋಡಿ ಗುಂಪಿಗೆ ಸೇರಿಸುವುದು. ದೀಪ ಪೂರ್ತಿ ಆರಿಸದೆ, ಶಬ್ದ ತಗ್ಗಿಸಿ ಸಿನಿಮಾ ತೋರಿಸುವುದು. ಕಾರ್ನಿವಲ್ ಕಂಪನಿಯ ಹಡಗುಗಳಲ್ಲಿ ಶಬ್ದ ತಡೆಯುವ ಹೆಡ್‌ಫೋನು, ಕೈಯಲ್ಲಿ ಹಿಚುಕುವ ಆಟಿಕೆ ಇರುವ ಚೀಲ ಎರವಲು ಸಿಗುತ್ತದೆ.

ಓದುಗ ಬಂಧುಗಳೇ, ಈ ಪಟ್ಟಿಯಲ್ಲಿ ಕೋಟಿ ರೂಪಾಯಿಯ ವಸ್ತು ಯಾವುದಿದೆ ತೋರಿಸಿ. ಸಾಲಿನಲ್ಲಿ ಮುಂದೆ ಬಿಡುವುದಕ್ಕೆ ಎಷ್ಟು ಖರ್ಚು? ನಾಳಿನ ಪಟ್ಟಿ ಇವತ್ತೇ ಕೊಡುವುದಕ್ಕೆ? ಹಡಗು ದುಬಾರಿ, ಒಪ್ಪೋಣ. ಹಡಗಿನಲ್ಲಿ ಮಗುವಿಗಾಗಿ ಮಾಡಿದ್ದು ದುಬಾರಿಯಲ್ಲ. ಹಾಗಿದ್ದ ಮೇಲೆ ನಮ್ಮ ಪರಿಸಲಿನಲ್ಲಿ ಯಾಕಾಗುವುದಿಲ್ಲ?

ಪರಿಸಲ್ ಎಂದರೆ ಹರಿಗೋಲು. ಕನ್ನಡದಲ್ಲಿ ಹರಿಗೋಲು ಎಂದು ಪಾಠ ಮಾಡಿದರೂ ಇಲ್ಲಿ ಎಲ್ಲರ ಬಾಯಲ್ಲೂ ಅದು ಪರಿಸಲ್ಲೇ. ಬಿದಿರು ಹೆಣೆದ ದುಂಡು ಬುಟ್ಟಿ, ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ ಹಾಳೆ, ಮೇಲೆ ಡಾಂಬರು. ನಾಲ್ಕೈದು ಜನ ಕಾಲು ಮಡಚಿ ಕೂರಬೇಕು. ಯೋಚಿಸಿ ನೋಡಿದರೆ ಆಟಿಸಂ ಇರುವ ಮಗುವಿಗೆ ಇಷ್ಟು ಅನುಕೂಲದ ದೋಣಿ ಬೇರೆ ಸಿಗಲಾರದು. ಎದ್ದು ಓಡಾಡಲು ಜಾಗವೇ ಇಲ್ಲ. ಎರಡು ಪಕ್ಕದಲ್ಲೂ ಮನೆಯವರ ಮೈ ತಾಗುತ್ತಿರುತ್ತದೆ. ಎಂಜಿನ್ನಿಲ್ಲ, ಹಾರನ್ನಿಲ್ಲ. ಅಬ್ಬಿಯ ಭೋರ್ಗರೆತ ಇದೆ ನಿಜ, ಆದರೆ ಅದು ಒಂದೇ ಸಮನೆ ಬರುವ ಸದ್ದು. ಈ ಮಕ್ಕಳಲ್ಲಿ ಎಷ್ಟೋ ಜನರನ್ನು ಹೆದರಿಸುವುದು ದೊಡ್ಡ ಸದ್ದಿಗಿಂತ ಹೆಚ್ಚಾಗಿ ಹಠಾತ್ತಾಗಿ ಬರುವ ಸದ್ದು. ಬಸ್ ನಿಲ್ದಾಣದ ಧ್ವನಿವರ್ಧಕ, ಮೀನು ಹುರಿಯುವ ಅಂಗಡಿಯವರ ಕೂಗು, ಎಣ್ಣೆ ಹಚ್ಚುವವರು ಕೈ ಹಿಡಿದು ಕರೆಯುವುದು, ಕಷ್ಟ ಇರುವುದು ಅಲ್ಲಿ. ನೀರಿನ ಮೇಲಕ್ಕಿಂತ ನೀರಿಗೆ ಹೋಗುವ ದಾರಿಯೇ ಕಠಿಣ.

ಹುಟ್ಟು ಹಾಕುವ ಅಣ್ಣಂದಿರು ಖುಷಿಗೆಂದು ನಡುನೀರಿನಲ್ಲಿ ಪರಿಸಲನ್ನು ಗಿರಗಿರನೆ ತಿರುಗಿಸುತ್ತಾರಲ್ಲ, ಅದೊಂದು ವಿಷಯ ಮೊದಲೇ ಮಾತಾಡಿಕೊಳ್ಳಬೇಕು. ಕೆಲವು ಮಕ್ಕಳಿಗೆ ಅದು ಪ್ರಾಣ ಹೋದಂತೆ. ಇನ್ನು ಕೆಲವರಿಗೆ ತಿರುಗುವುದೆಂದರೆ ಸ್ವರ್ಗ, ನಿಲ್ಲಿಸಿದಾಗಲೇ ಅಳು! ನಮ್ಮ ಪರಿಚಯದ ಹುಡುಗನೊಬ್ಬ ಮೂರು ಸುತ್ತು ಆದ ಮೇಲೆ ಹುಟ್ಟು ಹಾಕುವವರ ಮೊಣಕಾಲು ತಟ್ಟಿ ತಟ್ಟಿ ಇನ್ನಷ್ಟು ತಿರುಗಿಸಿಕೊಂಡ. ಬಾಯಲ್ಲಿ ಮಾತು ಬರದ ಹುಡುಗ, ಗುರುತಿಲ್ಲದವರನ್ನು ಎಂದೂ ಮುಟ್ಟದ ಹುಡುಗ. ಅವರೂ ನಕ್ಕು ತಿರುಗಿಸಿದರು. "ಅವನಿಗೇನು ತಿಳಿಯುತ್ತೆ, ಅಬ್ಬಿ ತೋರಿಸಿ ಏನು ಲಾಭ?" ಎಂದು ಕೇಳುವವರಿಗೆ ನಾವು ಇದಕ್ಕಿಂತ ದೊಡ್ಡ ಉತ್ತರ ಹುಡುಕಲು ಹೋಗುವುದಿಲ್ಲ. ಅಬ್ಬಿ ನೋಡಿ ನಿಮಗೇನು ಲಾಭವಾಯಿತು ಸ್ವಾಮಿ?

ಹೊರಡುವ ಮುಂಚಿನ ತಯಾರಿ ನಮ್ಮ ಕೈಯಲ್ಲೇ ಇದೆ. ಹಳೆಯ ದಿನಸೂಚಿ ಕ್ಯಾಲೆಂಡರಿನ ಹಾಳೆಗಳ ಹಿಂಬದಿಯಲ್ಲಿ ಎಂಟು ಚಿತ್ರ ಬರೆದರೆ ಸಾಕು. ಬಸ್ಸು, ಟಿಕೆಟ್ ಕೊಡುವ ಕಿಂಡಿ, ಲೈಫ್ ಜಾಕೆಟ್, ಪರಿಸಲ್, ಅಬ್ಬಿ, ಊಟ, ಮತ್ತೆ ಬಸ್ಸು, ಮನೆ. ಕೊನೆಯ ಚಿತ್ರ ಮನೆಯೇ ಆಗಿರಬೇಕು, ಮರೆಯಬಾರದು. ಒಂದು ವಾರ ದಿನಾ ತೋರಿಸಿ. ಚಿತ್ರ ಬರೆಯಲು ಬಾರದವರು ಮೊಬೈಲಿನ ಫೋಟೋಗಳನ್ನೇ ಕ್ರಮವಾಗಿ ಜೋಡಿಸಿದರೂ ಆಗುತ್ತದೆ. ಲೈಫ್ ಜಾಕೆಟ್ ಬಿಗಿಯಾಗಿರುತ್ತದೆ, ಒದ್ದೆ ವಾಸನೆ ಬೇರೆ. ಮನೆಯಲ್ಲೇ ಬಿಗಿಯಾದ ಸ್ವೆಟರಿನ ಮೇಲೆ ಶಾಲೆ ಚೀಲವನ್ನು ಎದೆಗೆ ಕಟ್ಟಿ ಆಟ ಆಡಿಸಿದರೆ ಮೈ ಒಗ್ಗುತ್ತದೆ. ಜಾಕೆಟ್ ಹಾಕಿಕೊಳ್ಳದಿದ್ದರೆ ಪರಿಸಲ್ ಇಲ್ಲ, ಇದರಲ್ಲಿ ಮಾತ್ರ ರಾಜಿ ಬೇಡ. ಭಾನುವಾರ ಬೇಡ, ಪೊಂಗಲ್ ಬೇಡ, ಆಡಿ ಹದಿನೆಂಟಂತೂ ಬೇಡವೇ ಬೇಡ. ವಾರದ ನಡುವೆ, ಬೆಳಿಗ್ಗೆ ಬೇಗ.

ಇನ್ನೊಂದು, ಬಿಳಿಗುಂಡ್ಲು. ಕರ್ನಾಟಕದಿಂದ ಬರುವ ಕಾವೇರಿ ನೀರನ್ನು ಅಳೆಯುವ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರ ನಮ್ಮ ಪಕ್ಕದಲ್ಲೇ ಇದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ವರ್ಷಕ್ಕೆ 177.25 ಟಿಎಂಸಿ ಎಂದು ತೀರ್ಪು ಕೊಟ್ಟಾಗ ಆ ಲೆಕ್ಕ ಹಿಡಿಯುವ ಜಾಗ ಇದೇ. ಎರಡು ರಾಜ್ಯಗಳು ಅಲ್ಲಿನ ಅಂಕಿಗಾಗಿ ಬಡಿದಾಡುತ್ತವೆ, ನಮಗೆ ಆ ಅಂಕಿ ಬೇಕಾಗಿರುವುದು ಬೇರೆ ಕಾರಣಕ್ಕೆ. ಅಲ್ಲಿ ನೀರು ಏರಿದರೆ ಹೊಗೆನಕಲ್ಲಿನಲ್ಲಿ ಜಿಲ್ಲಾಡಳಿತ ಪರಿಸಲನ್ನೂ ಸ್ನಾನವನ್ನೂ ನಿಲ್ಲಿಸಿಬಿಡುತ್ತದೆ. ಉಳಿದ ಮಕ್ಕಳು 'ಅಯ್ಯೋ' ಎಂದು ಐದು ನಿಮಿಷ ಮುಖ ಊದಿಸಿಕೊಂಡು ಐಸ್‌ಕ್ರೀಮಿನ ಕಡೆ ಓಡುತ್ತಾರೆ. ವಾರವಿಡೀ ಚಿತ್ರ ನೋಡಿ ಪರಿಸಲಿಗೆ ಮನಸ್ಸು ಕಟ್ಟಿದ ಮಗು ಏನು ಮಾಡಬೇಕು? ಹೊರಡುವ ದಿನ ಬೆಳಿಗ್ಗೆ ಸುದ್ದಿ ತಿಳಿದೇ ಹೊರಡಬೇಕು. ಒಂಬತ್ತನೇ ಚಿತ್ರವೊಂದು ಜೇಬಿನಲ್ಲಿರಲಿ, ಪರಿಸಲಿನ ಮೇಲೆ ಕೆಂಪು ಗೀಟು, ಪಕ್ಕದಲ್ಲಿ ಬೇರೆ ಏನು ಮಾಡುತ್ತೇವೆ ಎಂಬುದು.

ನೀರಿನ ಭಯವನ್ನು ನಾವು ಹಗುರ ಮಾಡುತ್ತಿಲ್ಲ. ಆಟಿಸಂ ಇರುವ ಮಕ್ಕಳಲ್ಲಿ ಹಲವರಿಗೆ ನೀರಿನ ಸೆಳೆತ ವಿಪರೀತ, ಕೈ ತಪ್ಪಿಸಿಕೊಂಡು ಹೊರಟುಬಿಡುವ ಸ್ವಭಾವವೂ ಇರುತ್ತದೆ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹದಿನಾಲ್ಕು ವರ್ಷದೊಳಗಿನ ಇಂಥ ಮಕ್ಕಳು ನೀರಿನಲ್ಲಿ ಮುಳುಗಿ ಸಾಯುವ ಅಪಾಯ ಉಳಿದ ಮಕ್ಕಳಿಗಿಂತ ಸುಮಾರು 160 ಪಟ್ಟು. ಓದಿದಾಗ ಎದೆ ಝಲ್ಲೆಂದಿತು. ಆದರೆ ಆ ಅಧ್ಯಯನ ಮಾಡಿದವರು ನೀರಿನಿಂದ ದೂರ ಇಡಿ ಎನ್ನಲಿಲ್ಲ, ಈಜು ಬೇಗ ಕಲಿಸಿ ಎಂದರು. ಕೆರೆ, ಕಾಲುವೆ, ತೆರೆದ ಬಾವಿ, ಕಾವೇರಿ ಎಲ್ಲವೂ ಸುತ್ತ ಇರುವ ನಮ್ಮ ಊರುಗಳಲ್ಲಿ ಮಗುವನ್ನು ನೀರಿನಿಂದ ಬಚ್ಚಿಡಲು ಆಗುತ್ತದೆಯೇ? ಒಂದಲ್ಲ ಒಂದು ದಿನ ಅದು ಒಂಟಿಯಾಗಿ ನೀರಿನ ಮುಂದೆ ನಿಲ್ಲುವುದೇ ಸರಿ. ಅದಕ್ಕಿಂತ ಮೊದಲು ಜಾಕೆಟ್ ಹಾಕಿಕೊಂಡು, ಅಪ್ಪನ ಕೈ ಹಿಡಿದು, ನೀರಿನ ರೀತಿ ಕಾಣಲಿ.

ಮೇಷ್ಟ್ರುಗಳ ಭಯವೂ ನ್ಯಾಯವಾದದ್ದೇ. ಪ್ರವಾಸದಲ್ಲಿ ಒಂದು ಮಗುವಿಗೆ ಹೆಚ್ಚುಕಡಿಮೆಯಾದರೆ ಪೊಲೀಸ್ ಠಾಣೆ ಹತ್ತುವವರು ಯಾರು? ಆದ್ದರಿಂದ ನಮ್ಮ ಮಾತು ಇಷ್ಟು. ಆ ಮಗುವಿಗೆಂದೇ ಒಬ್ಬ ದೊಡ್ಡವರು ಇರಬೇಕು, ಬೇರೆ ಯಾವ ಮಗುವಿನ ಹೊಣೆಯೂ ಅವರಿಗಿರಬಾರದು. ಅಂಥವರು ಸಿಗದಿದ್ದರೆ ಆ ವರ್ಷ ನೀರಿನ ಜಾಗ ಬಿಟ್ಟು ಇನ್ನೆಲ್ಲಿಗಾದರೂ ಹೋಗಿ, ಆದರೆ ಎಲ್ಲರೂ ಹೋಗಿ. ಆ ದೊಡ್ಡವರು ತಾಯಿಯೇ ಆಗಬೇಕು ಎನ್ನುವುದೂ ನಮಗೆ ಸರಿ ಕಾಣುವುದಿಲ್ಲ. ವರ್ಷದ 365 ದಿನ ಅದೇ ಕೆಲಸ ಮಾಡುವವಳಿಗೆ ಪ್ರವಾಸದ ದಿನವೂ ಅದೇ ಕೆಲಸವೇ? ಅವಳು ಬರಲಿ, ಒಂದು ಸಲ ಮಗಳ ಪಕ್ಕದಲ್ಲಿ ಸುಮ್ಮನೆ ಕೂತು ಅಬ್ಬಿ ನೋಡಲಿ.

ಇದು ದಯೆಯ ಪ್ರಶ್ನೆಯೂ ಅಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ವೈಕಲ್ಯಗಳಲ್ಲಿ ಆಟಿಸಂ ಇದೆ. ಅದರ 16ನೇ ಸೆಕ್ಷನ್ ಶಾಲೆಗಳಿಗೆ ಹೇಳುವುದು ಪಾಠದ ವಿಷಯ ಮಾತ್ರವಲ್ಲ, ಆಟ ಮತ್ತು ಮನರಂಜನೆಯಲ್ಲೂ ಸಮಾನ ಅವಕಾಶ ಇರಬೇಕೆಂದು. ಪ್ರವಾಸ ಅದರೊಳಗೆ ಬಾರದೇ ಇರುತ್ತದೆಯೇ? 2022ರ ಮೇ ತಿಂಗಳಲ್ಲಿ ರಾಂಚಿ ವಿಮಾನ ನಿಲ್ದಾಣದಲ್ಲಿ ವೈಕಲ್ಯವಿರುವ ಬಾಲಕನೊಬ್ಬ ಗಾಬರಿಯಾಗಿದ್ದಾನೆಂದು ವಿಮಾನ ಹತ್ತಲು ಬಿಡಲಿಲ್ಲ. ವಿಮಾನಯಾನ ನಿರ್ದೇಶನಾಲಯ ಆ ಕಂಪನಿಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ವೈದ್ಯರ ಅಭಿಪ್ರಾಯ ಪಡೆಯದೆ ಹಾಗೆ ತಡೆಯಬಾರದೆಂದು ನಿಯಮವನ್ನೇ ತಿದ್ದಿತು. ವಿಮಾನ ಹತ್ತಿಸದಿದ್ದರೆ ದೇಶವೇ ಮಾತಾಡುತ್ತದೆ. ಶಾಲೆಯ ಬಸ್ಸು ಹತ್ತಿಸದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ.

ಗಡಿನಾಡಿನ ನಮಗೆ ಇದರಲ್ಲಿ ಒಂದು ತೊಡಕು ಹೆಚ್ಚು. ಮಗು ಹೊಗೆನಕಲ್ಲಿನ ಜನಜಂಗುಳಿಯಲ್ಲಿ ಕೈತಪ್ಪಿತು ಎನ್ನೋಣ. ಹಿಡಿದು ನಿಲ್ಲಿಸಿದವರು "ತಂಬಿ, ಪೇರು ಎನ್ನ?" ಎಂದು ಕೇಳುತ್ತಾರೆ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಕೇಳದ ಮಗು, ಕನ್ನಡದಲ್ಲಿ ಕೇಳಿದರೂ ಕಷ್ಟಪಟ್ಟು ಉತ್ತರಿಸುವ ಮಗು ಸುಮ್ಮನೆ ನಿಲ್ಲುತ್ತದೆ. ಕಿವುಡು ಎಂದುಕೊಳ್ಳುತ್ತಾರೆ, ಇಲ್ಲವೇ ಮೂಗ ಎನ್ನುತ್ತಾರೆ. ಕೆಲವರು ತಾಯ್ತಂದೆಯರಿಗೆ "ಮನೆಯಲ್ಲೂ ತಮಿಳೇ ಆಡಿ, ಎರಡು ಭಾಷೆಯಿಂದ ಮಗುವಿಗೆ ಗೊಂದಲ" ಎಂದು ಬುದ್ಧಿ ಹೇಳುವುದೂ ಇದೆ. ಎರಡು ಭಾಷೆ ಕೇಳಿ ಬೆಳೆದರೆ ಆಟಿಸಂ ಇರುವ ಮಗುವಿನ ಮಾತು ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ, ಸಂಶೋಧನೆಗಳು ಹೇಳುತ್ತಿರುವುದು ಹಾನಿಯಿಲ್ಲವೆಂದೇ. ಲಾಲಿ ಹಾಡುವ ಭಾಷೆಯನ್ನು ಕಿತ್ತುಕೊಂಡು ಮಗುವಿನ ಜೊತೆ ತಾಯಿ ಯಾವ ಭಾಷೆಯಲ್ಲಿ ಮಾತಾಡಬೇಕು? ತಮಿಳು ಕಲಿಯಲಿ, ಬದುಕುವ ನೆಲದ ಭಾಷೆ ಅದು, ಬೇಡ ಎನ್ನುವವರು ನಾವಲ್ಲ. ಕನ್ನಡದಲ್ಲೇ ಮಾತಿನ ತರಬೇತಿ ಬೇಕೆನ್ನುವವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರವೇ, ಆದರೂ ಒಮ್ಮೆ ತೋರಿಸಿ ಮನೆಯಲ್ಲಿ ಮಾಡಿಸಬೇಕಾದ್ದನ್ನು ಕಲಿತು ಬರಬಹುದು.

ಕೈತಪ್ಪುವ ಭಯಕ್ಕೆ ಮಾತ್ರ ಸುಲಭದ ಉಪಾಯವಿದೆ. 2016ರಲ್ಲಿ ಲಂಡನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದಲ್ಲಿ ಸೂರ್ಯಕಾಂತಿ ಹೂವಿನ ಚಿತ್ರವಿರುವ ಹಸಿರು ಪಟ್ಟಿಯನ್ನು ಕೊರಳಿಗೆ ಹಾಕುವುದು ಶುರುವಾಯಿತು. ಕಣ್ಣಿಗೆ ಕಾಣದ ವೈಕಲ್ಯವಿದೆ, ಸ್ವಲ್ಪ ತಾಳ್ಮೆಯಿರಲಿ ಎಂದು ಅದರ ಅರ್ಥ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೂ ಅದು ಬಂದಿದೆ. ನಮ್ಮ ಪರಿಸಲ್ ಕಟ್ಟೆಯಲ್ಲಿ ಆ ಹೂವಿನ ಅರ್ಥ ಸದ್ಯಕ್ಕೆ ಯಾರಿಗೂ ತಿಳಿಯದು. ಅಲ್ಲಿಯವರೆಗೆ ರಟ್ಟಿನ ಒಂದು ಚೀಟಿ ಸಾಕು, ಮೂರು ಭಾಷೆಯಲ್ಲಿ ಬರೆದದ್ದು. ಮೊದಲು ತಮಿಳು, ಆಮೇಲೆ ಕನ್ನಡ, ಆಮೇಲೆ ಇಂಗ್ಲಿಷ್. "ನನಗೆ ಆಟಿಸಂ ಇದೆ. ಕಿವಿ ಕೇಳುತ್ತದೆ, ಮಾತು ಬರುವುದು ಕಷ್ಟ. ಜೋರಾಗಿ ಕೂಗಬೇಡಿ, ಕೈ ಹಿಡಿದು ಎಳೆಯಬೇಡಿ. ಈ ನಂಬರಿಗೆ ಫೋನ್ ಮಾಡಿ, ಅಲ್ಲಿಯವರೆಗೆ ನೀರಿನ ಹತ್ತಿರ ಬಿಡಬೇಡಿ." ಅಂಗಿಯ ಒಳಜೇಬಿಗೆ ಹೊಲಿದರೆ ಬೀಳುವುದಿಲ್ಲ. ಕೊರಳಿಗೆ ಹಾಕಿದರೆ ಕೆಲವು ಮಕ್ಕಳು ಕಿತ್ತೆಸೆಯುತ್ತಾರೆ.

ಹೊಗೆನಕಲ್ಲನ್ನು ನೋಡಿಕೊಳ್ಳುವ ಧರ್ಮಪುರಿ ಜಿಲ್ಲಾಡಳಿತಕ್ಕೂ, ಆಚೆ ದಡದ ಚಾಮರಾಜನಗರ ಜಿಲ್ಲೆಯವರಿಗೂ ನಮ್ಮದೊಂದು ಕೋರಿಕೆ. ಹುಟ್ಟು ಹಾಕುವವರಿಗೆ ವರ್ಷಕ್ಕೊಮ್ಮೆ ಅರ್ಧ ದಿನದ ತಿಳಿವಳಿಕೆ, ಟಿಕೆಟ್ ಸಾಲಿನಲ್ಲಿ ಇಂಥ ಮಕ್ಕಳಿಗೆ ಮೊದಲ ಅವಕಾಶ, ಮಕ್ಕಳ ಅಳತೆಯ ಒಣಗಿದ ಜಾಕೆಟ್ ಒಂದಿಷ್ಟು, ವಾರದಲ್ಲಿ ಒಂದು ಬೆಳಿಗ್ಗೆ ಒಂದು ಗಂಟೆ ಧ್ವನಿವರ್ಧಕ ಬಂದ್. ಉದ್ಘಾಟನೆ, ಶಾಲು, ಬ್ಯಾನರು ಬೇಡ. ಶಾಲೆಯವರಿಗೂ ಇದೇ ಮಾತು. ಆ ಮಗುವನ್ನು ಕರೆದುಕೊಂಡು ಹೋದಿರೆಂದು ಅವನೊಬ್ಬನ ಫೋಟೋ ವಾಟ್ಸಾಪಿನಲ್ಲಿ ಹಂಚಿಕೊಳ್ಳಬೇಡಿ. ನಲವತ್ತು ಮಕ್ಕಳ ಫೋಟೋದಲ್ಲಿ ಅವನೂ ಇರಲಿ.

ಈ ವರ್ಷದ ಪಟ್ಟಿ ಬರೆಯುವ ಮುನ್ನ ಮೇಷ್ಟ್ರುಗಳು ಆ ಮನೆಗೆ ಒಮ್ಮೆ ಹೋಗಿ, ತಾಯಿ "ಬ್ಯಾಡ ಸಾರ್" ಎನ್ನುವ ಮೊದಲು "ಯಾವ ದಿನ ಹೋದರೆ ಅವನಿಗೆ ಅನುಕೂಲ?" ಎಂದು ಕೇಳಿ ನೋಡಿ. ಮೂರು ಭಾಷೆಯ ಚೀಟಿ ಬೇಕಾದ ಕನ್ನಡ ಮಾಧ್ಯಮ ಶಾಲೆಯವರು ತಿಳಿಸಿದರೆ ನಾವೇ ಬರೆದು ಕಳಿಸುತ್ತೇವೆ. ತಮಿಳು ಭಾಗವನ್ನು ನಮ್ಮ ಶಾಲೆಯ ತಮಿಳು ಶಿಕ್ಷಕರಿಂದ ತಿದ್ದಿಸಿ ಇಟ್ಟಿದ್ದೇವೆ.